ಏಳನೇ ಲೆಕ್ಕದ ಕೊನೆಯ ಸಾಲು

ನನ್ನ ನೋಟ್ಸಿನ ಏಳನೇ ಲೆಕ್ಕದ ಉತ್ತರ ತಪ್ಪು ಎಂದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಪಿಯು ಕಾಲೇಜುಗಳಲ್ಲಿ ಗಣಿತ ಹೇಳಲು ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಬೆಳಿಗ್ಗೆ ಹೊನ್ನವಳ್ಳಿಯಲ್ಲಿ ತಿಪಟೂರಿನ ಬಸ್ಸು ಹತ್ತುವಾಗಲೇ, ಸಂಜೆ ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಗುತ್ತದೋ ಇಲ್ಲವೋ ಎಂದು ಯೋಚಿಸುವಂತಾಗಿತ್ತು ನನ್ನ ಸ್ಥಿತಿ. ಮಂಡಿ ನೋವು. ಸೀಮೆಸುಣ್ಣದ ಪುಡಿಗೆ ಬಲಗೈ ಬೆರಳ ತುದಿಗಳು ಒಡೆದು, ಹುಣಸೆಹುಳಿ ಕಿವುಚಿದರೆ ಉರಿಯುತ್ತಿತ್ತು. ಇವು ಯಾವುವೂ ದೊಡ್ಡ ಕಷ್ಟಗಳಲ್ಲ, ಆದರೆ ದಿನಾ ಇರುವಂಥವು.

ಶಂಕುಛೇದಗಳ ಅಧ್ಯಾಯವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಹಳೆಯ ಪಠ್ಯದಲ್ಲಿ ಅದು ದ್ವಿತೀಯ ಪಿಯುಸಿಗಿತ್ತು. ಪಠ್ಯ ಬದಲಾದ ಮೇಲೆ ಮೊದಲ ವರ್ಷಕ್ಕೆ ಬಂತು, ಬರುವಾಗ ಅರ್ಧ ಸವೆದು ಬಂತು. ಆದರೆ ಸಿಇಟಿಗೆ ಓದುವ ಮಕ್ಕಳಿಗೆ ಆ ಸವೆದುಹೋದ ಅರ್ಧವೂ ಬೇಕು. ಅದಕ್ಕೆಂದು ಮಧ್ಯಾಹ್ನ ಕಾಲೇಜು ಮುಗಿದ ಮೇಲೆ ಒಂದು ಗಂಟೆ ಹೆಚ್ಚಿನ ತರಗತಿ ಇಟ್ಟುಕೊಳ್ಳಬೇಕಾಗುತ್ತಿತ್ತು. ಆ ಗಂಟೆಗೆ ನಾನು ನನ್ನ ಹಳೆಯ ನೋಟ್ಸನ್ನೇ ತೆಗೆಯುತ್ತಿದ್ದೆ. ಉದ್ದನೆಯ ರಿಜಿಸ್ಟರ್ ಪುಸ್ತಕ, ಬೆನ್ನಿಗೆ ಬಟ್ಟೆ ಅಂಟಿಸಿದ್ದು. ನಾನು ತಿಪಟೂರಿನಿಂದ ತುರುವೇಕೆರೆಗೆ ವರ್ಗವಾದಾಗ ಅದೂ ಬಂತು, ಚಿಕ್ಕನಾಯಕನಹಳ್ಳಿಗೆ ಹೋದಾಗ ಅಲ್ಲಿಗೂ ಬಂತು, ಕೊನೆಗೆ ನನ್ನ ಜೊತೆ ತಿಪಟೂರಿಗೇ ವಾಪಸಾಯಿತು.

ಅದರಲ್ಲಿರುವ ಲೆಕ್ಕಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. x, y ಮತ್ತು ಅವುಗಳ ವರ್ಗಗಳನ್ನೆಲ್ಲ ಕಲಸಿಟ್ಟ ಒಂದು ಸಮೀಕರಣ ಕೊಟ್ಟಿರುತ್ತಾರೆ. x ಇರುವುದನ್ನೆಲ್ಲ ಒಂದು ಕಡೆ ಸೇರಿಸಬೇಕು, y ಇರುವುದನ್ನು ಇನ್ನೊಂದು ಕಡೆ. ಎರಡನ್ನೂ ಪೂರ್ಣ ವರ್ಗ ಮಾಡಬೇಕು. ಹಾಗೆ ಮಾಡಿದಾಗ ಅದು ವೃತ್ತವೋ, ಪರವಲಯವೋ, ಮಕ್ಕಳು ಎಲಿಪ್ಸ್ ಎನ್ನುವ ದೀರ್ಘವೃತ್ತವೋ, ಹೈಪರ್ಬೋಲ ಎನ್ನುವ ಅತಿಪರವಲಯವೋ ಎಂದು ಕಾಣುತ್ತದೆ. ಆಮೇಲೆ ಅದರ ಕೇಂದ್ರ ಎಲ್ಲಿದೆ, ನಾಭಿಗಳು, ಅಂದರೆ ಫೋಕಸ್ಸುಗಳು, ಎಲ್ಲಿವೆ ಎಂದು ಬರೆಯಬೇಕು. ದೀರ್ಘವೃತ್ತಕ್ಕೆ ನಾಭಿಗಳು ಎರಡು. ಅವು ಯಾವಾಗಲೂ ಅದರ ಉದ್ದದ ಗೆರೆಯ ಮೇಲೇ ಇರುತ್ತವೆ. ದೀರ್ಘವೃತ್ತ ಮಲಗಿದ್ದರೆ ನಾಭಿಗಳು ಎಡಕ್ಕೊಂದು ಬಲಕ್ಕೊಂದು. ನಿಂತಿದ್ದರೆ ಮೇಲೊಂದು ಕೆಳಗೊಂದು. ಇದನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಹಾಗೆ ಹೇಳಿಯೇ ಕೆಟ್ಟಿದ್ದು ಎಂದು ಈಗ ಅನ್ನಿಸುತ್ತದೆ.

ಅದು ಕೊಬ್ಬರಿ ಹರಾಜಿನ ದಿನ. ಮಾರುಕಟ್ಟೆ ಕಡೆಯಿಂದ ಕೊಬ್ಬರಿ ಚೀಲದ ಲಾರಿಗಳು ಒಂದರ ಹಿಂದೊಂದು ಹಾರ್ನ್ ಮಾಡುತ್ತಿದ್ದವು. ನಾನು ಕಿಟಕಿ ಮುಚ್ಚಿಸಿ ಏಳನೇ ಲೆಕ್ಕ ಹೇಳಿ ಬರೆಸುತ್ತಿದ್ದೆ: 9x² + 4y² − 18x + 16y − 11 = 0. ಬೋರ್ಡಿನ ಮೇಲೆ ಒಂದೊಂದೇ ಹಂತ ಹಾಕಿದೆ. ಕೇಂದ್ರ (1, −2). ನಾಭಿಗಳು (1 ± √5, −2). ಬರೆದುಕೊಳ್ಳಿ ಎಂದೆ. ಬೆಂಚುಗಳ ಮೇಲೆ ತಲೆಗಳು ಬಗ್ಗಿದವು.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳು ಹುಡುಗಿ ಉಳಿದಳು. ಮುಂದಿನ ಬೆಂಚಿನ ಹುಡುಗಿ, ಹೆಚ್ಚು ಮಾತಿಲ್ಲದವಳು. ಅವಳ ಅಮ್ಮ ತಿಪಟೂರಿನಲ್ಲೇ ಹೆಂಗಸರ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಬ್ಯಾಗಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. ಹಾಳೆ ಹಳದಿಯಾಗಿತ್ತು. ರಟ್ಟಿಗೆ ಹೂವಿನ ಬ್ಲೌಸ್ ಬಟ್ಟೆಯ ಹೊದಿಕೆ ಹೊಲಿದಿದ್ದರು.

“ಇದು ನಮ್ಮ ಅಮ್ಮೀದು ಮೇಡಂ. ಅವರೂ ನಿಮ್ಮ ಹತ್ರನೇ ಓದಿದ್ದಂತೆ.”

“ಹೌದಾ? ಯಾವ ವರ್ಷ?”

“ಗೊತ್ತಿಲ್ಲ ಮೇಡಂ, ನಾನು ಹುಟ್ಟೋಕ್ಕಿಂತ ಮುಂಚೆ. ಇದರಲ್ಲೂ ಇದೇ ಲೆಕ್ಕ ಇದೆ, ಇದೇ ಆನ್ಸರ್ ಇದೆ. ಆದ್ರೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬೇರೆ ಬರೆದಿದೆ. ಎರಡರಲ್ಲಿ ಯಾವುದು ಸರಿ ಮೇಡಂ?”

ನೋಡಿದೆ. ನೀಲಿ ಇಂಕಿನಲ್ಲಿ ದುಂಡಗಿನ ಅಕ್ಷರದಲ್ಲಿ ನಾನು ಹೇಳಿ ಬರೆಸಿದ ಲೆಕ್ಕ, ಅಕ್ಷರ ಬಿಡದೆ. ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನ ಒಂದು ಚಿಕ್ಕ ಚಿತ್ರ. ಮೊಟ್ಟೆ ನಿಲ್ಲಿಸಿದ ಹಾಗೆ ನಿಂತ ದೀರ್ಘವೃತ್ತ. ಅದರೊಳಗೆ ಮೇಲೊಂದು ಕೆಳಗೊಂದು ಚುಕ್ಕಿ. ಕೆಳಗೆ (1, −2 ± √5) ಎಂದು ಬರೆದು ಮುಂದೆ ಒಂದು ಪ್ರಶ್ನೆ ಚಿಹ್ನೆ.

ಸರಿ ಯಾವುದು ಎಂದು ತಿಳಿಯಲು ನನಗೆ ಐದು ಸೆಕೆಂಡೂ ಬೇಕಾಗಲಿಲ್ಲ. ಪೂರ್ಣ ವರ್ಗ ಮಾಡಿ ಮೂವತ್ತಾರರಿಂದ ಭಾಗಿಸಿದರೆ y ಕೆಳಗೆ ಒಂಬತ್ತು, x ಕೆಳಗೆ ನಾಲ್ಕು. ದೊಡ್ಡದು y ಕೆಳಗೆ. ನಿಂತ ದೀರ್ಘವೃತ್ತ. ಚುಕ್ಕಿಗಳು ಮೇಲೆ ಕೆಳಗೇ ಇರಬೇಕು. ಪೆನ್ಸಿಲಿನದೇ ಸರಿ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. “ಇವತ್ತು ತಲೆ ಓಡ್ತಿಲ್ಲ ಕಣಮ್ಮ, ಈ ಪುಸ್ತಕ ಇಲ್ಲೇ ಕೊಟ್ಟಿರು, ನಾಳೆ ನೋಡಿ ಹೇಳ್ತೀನಿ” ಎಂದೆ. ಅವಳು ತಲೆಯಾಡಿಸಿ ಹೋದಳು. ಅವಳ ಮುಖ ನೋಡಿದರೆ ಉತ್ತರ ಅವಳಿಗೂ ಗೊತ್ತಿತ್ತು ಅನ್ನಿಸುತ್ತದೆ.

ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ನನ್ನ ರಿಜಿಸ್ಟರ್ ತೆಗೆದು ಆರನೇ ಲೆಕ್ಕವನ್ನೂ ಏಳನೇ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಆರನೆಯದು ಮಲಗಿದ ದೀರ್ಘವೃತ್ತ. ಅದರ ನಾಭಿಗಳು (1 ± √5, −2) ಎಂಬುದು ಸರಿಯಾಗಿಯೇ ಇತ್ತು. ಅದನ್ನೇ ತಿರುಗಿಸಿ ನಿಲ್ಲಿಸಿ ಏಳನೆಯದನ್ನು ನಾನೇ ಮಾಡಿಕೊಂಡಿದ್ದೆ. ಎಲ್ಲವನ್ನೂ ತಿರುಗಿಸಿದ್ದೆ, ಕೊನೆಯ ಸಾಲನ್ನು ಮಾತ್ರ ಮೇಲಿನದರಿಂದ ಹಾಗೇ ಎತ್ತಿ ಬರೆದಿದ್ದೆ. ಆ ಪುಟ ಬರೆದ ದಿನಗಳು ನೆನಪಿವೆ. ಮಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು, ಕಾಲು ಆಡಿಸುತ್ತ, ರಿಜಿಸ್ಟರನ್ನು ಮಣೆಯ ಮೇಲಿಟ್ಟು ಬರೆಯುತ್ತಿದ್ದೆ. ಇದು ನೆಪವಲ್ಲ. ನೆಪವಾದರೆ ಆ ಒಂದು ದಿನಕ್ಕೆ ಆದೀತು. ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಅದನ್ನು ನೋಡಿಕೊಂಡೇ ಬೋರ್ಡಿನ ಮೇಲೆ ಹಾಕಿದೆನಲ್ಲ, ಅದಕ್ಕೆ ಯಾವ ನೆಪವೂ ಇಲ್ಲ. ಪಠ್ಯಪುಸ್ತಕದ ಲೆಕ್ಕಗಳಿಗಾದರೆ ಕೊನೆಯ ಪುಟಗಳಲ್ಲಿ ಉತ್ತರ ಇರುತ್ತದೆ, ತಪ್ಪಿದ್ದರೆ ಮಕ್ಕಳು ಹಿಡಿಯುತ್ತಾರೆ. ಇದು ನನ್ನ ಸ್ವಂತ ಲೆಕ್ಕ. ಹಿಡಿಯುವವರು ಯಾರು?

ಮನೆಗೆ ಬಂದಾಗ ನನ್ನ ಯಜಮಾನರು ಅಟ್ಟದಿಂದ ಇಳಿದು ಕೈ ತೊಳೆಯುತ್ತಿದ್ದರು. ತೋಟ ನೋಡಿಕೊಳ್ಳುವುದೆಲ್ಲ ಅವರದು. ಕೊಬ್ಬರಿಗೆಂದು ಅಲ್ಲಿ ಒಣಗಲು ಹಾಕಿದ ತೆಂಗಿನಕಾಯಿಗಳಲ್ಲಿ ಕೆಲವು ಕೊಳೆತು ವಾಸನೆ ಬರುತ್ತಿದೆ ಎಂದು ಬೆಳಿಗ್ಗೆಯಿಂದ ಅವನ್ನು ಹುಡುಕಿ ತೆಗೆಯುತ್ತಿದ್ದರಂತೆ.

“ಯಾಕೇ, ಮುಖ ಹಂಗ್ ಮಾಡ್ಕಂಡಿದೀಯ?”

“ಒಂದು ಲೆಕ್ಕ ತಪ್ಪಾಗೈತೆ.”

“ಸರಿ ಮಾಡಿದ್ರಾಯ್ತು ಬುಡು.”

“ಇಪ್ಪತ್ತು ವರ್ಷದಿಂದ ತಪ್ಪಾಗೈತೆ ಕಣ್ರೀ. ಮೂರು ತಾಲ್ಲೂಕಲ್ಲೂ ಹೇಳ್ಕೊಟ್ಟಿದೀನಿ.”

ಅವರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಯೋಚಿಸಿದರು. “ಇಷ್ಟು ವರ್ಷ ಯಾರೂ ಬಂದು ಕೇಳ್ಲಿಲ್ವಲ್ಲ?”

“ಅದೇ ಮತ್ತೆ,” ಎಂದೆ. ಅವರು ಅದನ್ನು ಸಮಾಧಾನಕ್ಕೆ ಹೇಳಿದ್ದರು. ನನಗೆ ಅದೇ ಚುಚ್ಚಿತು.

ಮಾರನೆಯ ದಿನವೇ ತರಗತಿಯಲ್ಲಿ ಹೇಳಬೇಕಿತ್ತು. ಮಾರನೆಯ ದಿನ ಹೇಳಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಹುಡುಗಿಯೂ ಕೇಳಲಿಲ್ಲ. ಮೂರನೆಯ ದಿನ ಹಾಜರಿ ಕೂಗಿ ಮುಗಿಸಿ, ಬೋರ್ಡಿನ ಮೇಲೆ ಏಳನೇ ಲೆಕ್ಕವನ್ನು ಮತ್ತೆ ಬರೆದು, “ಇದರ ಕೊನೇ ಸಾಲು ನಾನು ತಪ್ಪು ಹೇಳಿದ್ದೆ, ತಿದ್ಕೊಳ್ಳಿ” ಎಂದೆ. ಯಾಕೆ ತಪ್ಪು ಎಂದು ವಿವರಿಸಿದೆ. ಎಷ್ಟು ವರ್ಷದಿಂದ ತಪ್ಪು ಎಂದೂ ಹೇಳಿದೆ. ನಗುತ್ತಾರೇನೋ, ಗುಸುಗುಸು ಅನ್ನುತ್ತಾರೇನೋ ಎಂದು ಕಾದೆ. ಏನೂ ಇಲ್ಲ. ಎಲ್ಲರೂ ತಲೆ ಬಗ್ಗಿಸಿ ಹಳೆಯದನ್ನು ಗೀಚಿ ಹೊಸದನ್ನು ಬರೆದುಕೊಂಡರು. ತಪ್ಪನ್ನು ಬರೆದುಕೊಂಡಷ್ಟೇ ಸಲೀಸಾಗಿ ಸರಿಯನ್ನೂ ಬರೆದುಕೊಂಡರು. ಹಿಂದಿನ ಬೆಂಚಿನಿಂದ ಒಬ್ಬ, “ಮೇಡಂ, ಇದು ಸಿಇಟಿಗೆ ಬರುತ್ತಾ?” ಎಂದು ಕೇಳಿದ.

ಹಳೆಯ ವಿದ್ಯಾರ್ಥಿಗಳದೊಂದು ವಾಟ್ಸಾಪ್ ಗುಂಪಿದೆ. ಯಾರೋ ನನ್ನನ್ನೂ ಸೇರಿಸಿದ್ದರು. ಅದರಲ್ಲೂ ಹಾಕಿದೆ: ನನ್ನ ನೋಟ್ಸಿನ ಏಳನೇ ಲೆಕ್ಕದ ನಾಭಿಗಳು ತಪ್ಪಿವೆ, ಸರಿಯಾದದ್ದು ಹೀಗೆ, ಕ್ಷಮಿಸಿ. ಒಂದು ಗಂಟೆಯೊಳಗೆ ಹದಿನಾರು ಜನ ಕೈ ಮುಗಿಯುವ ಚಿತ್ರ ಕಳಿಸಿದರು. “ಹೇಗಿದ್ದೀರಿ ಮೇಡಂ, ಆರೋಗ್ಯವಾ” ಎಂದು ಮೂರು ಜನ ಕೇಳಿದರು. ಒಬ್ಬರು ನನ್ನ ಹುಟ್ಟುಹಬ್ಬವೆಂದು ತಿಳಿದು ಶುಭಾಶಯ ಹೇಳಿದರು, ಅದನ್ನು ನೋಡಿ ಉಳಿದವರೂ ಹೇಳಿದರು. ನಾನು ಧನ್ಯವಾದ ಎಂದು ಬರೆದು ಫೋನು ಇಟ್ಟೆ.

ಉಳಿದದ್ದು ಆ ಬಟ್ಟೆ ಹೊದಿಕೆಯ ಪುಸ್ತಕ. ಹುಡುಗಿಯ ಕೈಯಲ್ಲೇ ಕೊಟ್ಟು ಕಳಿಸಬಹುದಿತ್ತು. ಭಾನುವಾರ ನಾನೇ ತೆಗೆದುಕೊಂಡು ಹೋದೆ.

ಅಂಗಡಿ ಚಿಕ್ಕದು, ಎರಡು ಹೊಲಿಗೆ ಮೆಷಿನ್ನು, ಒಂದು ಕತ್ತರಿಸುವ ಮೇಜು. ಮೇಜಿನ ಹಿಂದೆ ನಿಂತಿದ್ದ ಹೆಂಗಸಿಗೆ ನಲವತ್ತು ಇನ್ನೂ ಆಗಿರಲಿಕ್ಕಿಲ್ಲ. ತಲೆಯ ಮೇಲೆ ದುಪಟ್ಟಾ, ಕೊರಳಲ್ಲಿ ಅಳತೆ ಟೇಪು, ಮೂಗಿನ ಮೇಲೆ ಕನ್ನಡಕ. ನನ್ನನ್ನು ನೋಡಿದ ಕೂಡಲೇ ಕತ್ತರಿ ಇಟ್ಟು ಸ್ಟೂಲು ಒರೆಸಿದರು.

“ಕೂತ್ಕೊಳ್ಳಿ ಮೇಡಂ. ನೀವು ಬತ್ತೀರ ಅಂತ ಮಗಳು ಹೇಳ್ಲೇ ಇಲ್ಲ.”

“ಅವಳಿಗೆ ಹೇಳಿರ್ಲಿಲ್ಲ.” ನನಗೆ ಅವರ ಮುಖ ಗುರುತು ಸಿಗಲಿಲ್ಲ. ಅದೂ ಒಂದು ನಾಚಿಕೆ. ಪುಸ್ತಕ ಮೇಜಿನ ಮೇಲಿಟ್ಟು, ಬಂದ ವಿಷಯ ಹೇಳಿದೆ. “ಇದರಲ್ಲಿ ಪೆನ್ಸಿಲಿನಲ್ಲಿ ಬರ್ದಿರೋದೇ ಸರಿ. ನಾನು ಹೇಳಿದ್ದು ತಪ್ಪು.”

ಅವರು ಪುಟ ತೆಗೆದು ನೋಡಿ ಸ್ವಲ್ಪ ನಕ್ಕರು. “ಗೊತ್ತು ಮೇಡಂ.”

“ಆವಾಗ್ಲೇ ಗೊತ್ತಿತ್ತಾ?”

“ಆವಾಗ್ಲೇ. ನಮ್ಮ ಅಬ್ಬ ಟೈಲರ್ ಅಲ್ವಾ, ಇದೇ ಮೇಜು. ಗೆರೆ ಮೇಲೆ ಯಾವ ಚುಕ್ಕಿ ತಗೊಂಡ್ರೂ ಎರಡು ಫೋಕಸ್ಸಿಂದ ದೂರ ಕೂಡಿದ್ರೆ ಯಾವಾಗಲೂ ಒಂದೇ ಬತ್ತದೆ ಅಂತ ನೀವೇ ಹೇಳಿದ್ರಿ. ಮನೆಗೆ ಬಂದು ಎರಡು ಗುಂಡುಸೂಜಿ ಚುಚ್ಚಿ, ದಾರದ ಉಂಗುರ ಹಾಕಿ, ಸೀಮೆಸುಣ್ಣ ಬಿಗಿಯಾಗಿ ಹಿಡ್ದು ಸುತ್ತ ಎಳ್ದೆ. ನೀವು ಹೇಳಿದ ಕಡೆ ಸೂಜಿ ಚುಚ್ಚಿದ್ರೆ ಎಲಿಪ್ಸ್ ಮಲಗ್ತಿತ್ತು. ಲೆಕ್ಕದಲ್ಲಿ ನೋಡಿದ್ರೆ ನಿಂತಿರ್ಬೇಕು. ಸೂಜಿ ಮೇಲೆ ಕೆಳಗೆ ಚುಚ್ದೆ, ನಿಂತ್ಕೊಳ್ತು.”

ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಸಲವೂ ತರಗತಿಯಲ್ಲಿ ದಾರ ಹಿಡಿದು ದೀರ್ಘವೃತ್ತ ಎಳೆದು ತೋರಿಸಿರಲಿಲ್ಲ. ಹಾಗೆ ಎಳೆಯಬಹುದು ಎಂದು ಬಾಯಲ್ಲಿ ಹೇಳಿದ್ದೆ, ಅಷ್ಟೆ.

“ಮತ್ತೆ ನನ್ನನ್ನ ಯಾಕೆ ಕೇಳ್ಲಿಲ್ಲ?” ಎಂದೆ.

ಅವರು ಹೇಳಲೋ ಬೇಡವೋ ಎನ್ನುವ ಹಾಗೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಕೇಳೋಕೆ ಎದ್ದು ನಿಂತಿದ್ದೆ ಮೇಡಂ. ಮಾರನೇ ದಿನ, ನೀವು ಹತ್ತನೇ ಲೆಕ್ಕ ಬರೆಸ್ತಿದ್ರಿ. ‘ಮೊದ್ಲು ಬರ್ಕೊಮ್ಮ, ಆಮೇಲೆ ಕೇಳು’ ಅಂದ್ರಿ. ಆಮೇಲೆ ಬೆಲ್ಲಾಯ್ತು, ನೀವು ಹೋದ್ರಿ.”

ನನಗೆ ಅದು ನೆನಪಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಆದರೆ ಸುಳ್ಳೆನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಆ ಮಾತು ನನ್ನದೇ. ಅಂಗಡಿಗೆ ಬಂದ ಆ ವಾರದಲ್ಲೇ ಅದನ್ನು ಇಬ್ಬರು ಮಕ್ಕಳಿಗೆ ಹೇಳಿದ್ದೆ. ಪಾಠ ಮುಗಿಸಬೇಕು, ಗಂಟೆ ಮುಗಿಯುತ್ತಿದೆ, ಮಂಡಿ ಎಳೆಯುತ್ತಿದೆ, ಮೊದಲು ಬರೆದುಕೊಳ್ಳಿ.

“ಪರೀಕ್ಷೆಯಲ್ಲಿ ಈ ಥರದ್ದು ಬಂದಿತ್ತಾ?” ಎಂದು ಕೇಳಿದೆ. ಕೇಳದೆ ಎದ್ದು ಬರುವುದು ನನ್ನಿಂದ ಆಗುತ್ತಿರಲಿಲ್ಲ.

“ಬಂದಿತ್ತು ಮೇಡಂ, ನಿಂತಿರೋದೇ.”

“ಏನ್ ಬರೆದ್ರಿ?”

“ನೀವು ಹೇಳ್ಕೊಟ್ಟಂಗೇ ಬರ್ದೆ.” ಆಮೇಲೆ, ನನ್ನ ಮುಖ ನೋಡಿಯೋ ಏನೋ, ಬೇಗ ಬೇಗ ಹೇಳಿದರು, “ಪೇಪರ್ ತಿದ್ದೋರೂ ನಿಮ್ಮಂಥ ಲೆಕ್ಚರರ್‌ಗಳೇ ಅಲ್ವಾ. ಅವರಿಗೆ ಇದೇ ಬೇಕಾಗಿರುತ್ತೆ ಅನ್ಕೊಂಡೆ. ಬುಡಿ ಮೇಡಂ, ಒಂದು ಮಾರ್ಕ್ಸ್ ಹೋಗಿರ್ಬೋದು. ಫಸ್ಟ್ ಕ್ಲಾಸಲ್ಲೇ ಪಾಸಾಯ್ತು.”

ಹಾಗಾದರೆ ಮುಂದೆ ಯಾಕೆ ಓದಲಿಲ್ಲ ಎಂದು ಕೇಳಿದೆ. ಆ ವರ್ಷ ಅವರ ತಂದೆಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದಂತಾಯಿತಂತೆ. ತುಮಕೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರೂ ಒಂದು ಕಣ್ಣು ಹೋಯಿತು. ಮನೆಗೆ ಇವರೇ ಹಿರಿಯ ಮಗಳು. ಮೆಷಿನ್ನಿಗೆ ಇವರು ಕೂತರು. ಆಮೇಲೆ ಮದುವೆ, ಮಗು. ಗಂಡ ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ಮೆಕ್ಯಾನಿಕ್. ಇದರಲ್ಲಿ ನನ್ನ ಏಳನೇ ಲೆಕ್ಕ ಎಲ್ಲೂ ಬರಲಿಲ್ಲ. ನಾನು ಮೂರು ನಾಲ್ಕು ದಿನದಿಂದ ಹೊತ್ತು ತಿರುಗುತ್ತಿದ್ದ ತಪ್ಪಿಗೆ ಅವರ ಬದುಕಿನಲ್ಲಿ ಒಂದು ಅಂಕದಷ್ಟು ಜಾಗ ಮಾತ್ರ ಇತ್ತು. ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಹದಿನೇಳು ವರ್ಷದ ಹುಡುಗಿ ನನ್ನ ತಪ್ಪನ್ನೇ ಉತ್ತರಪತ್ರಿಕೆಯಲ್ಲಿ ಬರೆದು ಬಂದಳಲ್ಲ. ಲೆಕ್ಕ ತಪ್ಪು ಹೇಳಿಕೊಟ್ಟಿದ್ದಕ್ಕಿಂತ ಅದು ದೊಡ್ಡ ತಪ್ಪು, ಅದನ್ನೂ ನಾನೇ ಹೇಳಿಕೊಟ್ಟಿದ್ದೆ.

ಚಹಾ ತರಿಸಿದರು. ಕುಡಿದು ಏಳುವಾಗ ಅವರು, “ಮೇಡಂ, ಒಂದು ಕೇಳ್ಲಾ?” ಎಂದರು. “ಅಬ್ಬನ ಆಪರೇಷನ್ನಿಗೆ ಹೋದಾಗ ಹದಿನೈದು ದಿನ ಕಾಲೇಜು ತಪ್ತು. ಆವಾಗ ನೀವು ಹೈಪರ್ಬೋಲ ಮಾಡಿದ್ರಿ. ಅದು ನನ್ನ ಪುಸ್ತಕದಲ್ಲಿ ಇಲ್ಲ. ಮಗಳಿಗೆ ಹೇಳ್ಕೊಡೋಣ ಅಂದ್ರೆ ಅಲ್ಲಿಗೆ ನಿಂತೋಗ್ತೀನಿ. ನಿಮ್ಮ ನೋಟ್ಸ್ ಕೊಡ್ತೀರಾ, ನೋಡಿ ವಾಪಸ್ ಕೊಡ್ತೀನಿ.”

ಮುಂದಿನ ಭಾನುವಾರ ರಿಜಿಸ್ಟರ್ ಕೊಟ್ಟೆ. ಜೆರಾಕ್ಸ್ ಅಲ್ಲ, ಅದನ್ನೇ ಕೊಟ್ಟೆ. ಕೊಟ್ಟು, ಅತಿಪರವಲಯದ ಮೊದಲ ಎರಡು ಲೆಕ್ಕ ಅಲ್ಲೇ ಕೂತು ಹೇಳಿದೆ. ಅವರು ಬ್ಲೌಸಿನ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಬರೆದುಕೊಂಡರು. ನಡುವೆ ಗಿರಾಕಿಗಳು ಬಂದರೆ ಎದ್ದು ಹೋಗಿ ಅಳತೆ ತೆಗೆದು, ಬಂದು, ಬಿಟ್ಟ ಹಂತದಿಂದಲೇ ಮುಂದುವರಿಸುತ್ತಿದ್ದರು. ಚಿಹ್ನೆ ತಪ್ಪುತ್ತಿರಲಿಲ್ಲ. ನನ್ನ ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಒಂದು ಗಂಟೆ ಕೂಗಿ ಹೇಳಿದರೂ ತಲೆಯಲ್ಲಿ ಕೂರದ್ದು ಅಲ್ಲಿ ಕಾಲು ಗಂಟೆಯಲ್ಲಿ ಕೂತಿತು.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ. ಅವತ್ತು ನಾನು ಕತ್ತರಿಸಿಟ್ಟ ಬ್ಲೌಸ್ ತುಂಡು ಕೈಗೆತ್ತಿಕೊಂಡು, “ನೋಡಿ, ಈ ಕಂಕುಳ ಸುತ್ತೂ ಎಲಿಪ್ಸಿನ ತುಂಡೇ” ಎಂದೆ.

“ಇಲ್ಲ ಮೇಡಂ,” ಎಂದರು ಮೆಷಿನ್ನಿನ ಮೇಲಿಂದ ತಲೆ ಎತ್ತದೆ. “ಮುಂದೆ ಜಾಸ್ತಿ ತೆಗೀತೀವಿ, ಹಿಂದೆ ಕಮ್ಮಿ. ಎಲಿಪ್ಸ್ ಆದ್ರೆ ಎರಡೂ ಕಡೆ ಒಂದೇ ಬರ್ಬೇಕಲ್ಲ. ಅದರ ಲೆಕ್ಕದಲ್ಲಿ ಕತ್ತರಿಸಿದ್ರೆ ಕೈ ಎತ್ತಕ್ಕಾಗಲ್ಲ.”

ನಾನು ತುಂಡನ್ನು ಇದ್ದಲ್ಲೇ ಇಟ್ಟೆ.

ಹೀಗೆ ಮೂರು ತಿಂಗಳು, ಎರಡು ವಾರಕ್ಕೊಮ್ಮೆ ಅಂತ ಇಟ್ಟುಕೊಳ್ಳಿ, ಹೋಗುತ್ತಿದ್ದೆ. ವಾರವಿಡೀ ನಿಂತ ಕಾಲು, ಇರುವ ಒಂದು ಭಾನುವಾರವೂ ಬಸ್ಸು ಹತ್ತುತ್ತಾಳೆ ಎಂದು ಯಜಮಾನರು ಗೊಣಗಿದರು. ಸುಳ್ಳೇನಲ್ಲ. ಕೆಲವು ಭಾನುವಾರ ಬಸ್ಸಿನಲ್ಲಿ ಕೂತು, ಯಾಕಾದರೂ ಬಂದೆನೋ ಅಂದುಕೊಂಡದ್ದೂ ಉಂಟು. ಅವರು ಅತಿಪರವಲಯಕ್ಕೆ ನಿಲ್ಲಲಿಲ್ಲ. ಮೊದಲ ಪುಟದಿಂದ ಹಿಡಿದು ರಿಜಿಸ್ಟರಿನ ಒಂದೊಂದೇ ಲೆಕ್ಕ ಮಾಡುತ್ತ ಬಂದರು, ನನ್ನ ಉತ್ತರ ಮುಚ್ಚಿಕೊಂಡು. ಒಂದು ದಿನ ಕಂದು ಕಾಗದದ ಒಂದು ಚೂರು ನನ್ನ ಮುಂದಿಟ್ಟರು. ಅದರಲ್ಲಿ ನಾಲ್ಕು ಲೆಕ್ಕದ ಸಂಖ್ಯೆಗಳಿದ್ದವು.

“ಇವು ನಾಲ್ಕು ನೋಡ್ಬಿಡಿ ಮೇಡಂ. ಒಂದರಲ್ಲಿ ಮೈನಸ್ ಬಿಟ್ಟೋಗಿದೆ. ಎರಡರಲ್ಲಿ ಬ್ರಾಕೆಟ್ಟಿನೊಳಗೆ ಕೂಡಿದ್ದನ್ನ ಹೊರಗಿನ ನಂಬರಿಂದ ಗುಣಿಸ್ದೆ ಆ ಕಡೆಗೆ ಹಾಕಿದೀರಿ. ಕೊನೇದು ಮಾತ್ರ ನನಗೆ ಅನುಮಾನ.”

ಅವರ ಎದುರಿಗೇ ಮಾಡಿ ನೋಡಿದೆ. ಮೊದಲ ಮೂರು ನಿಜಕ್ಕೂ ತಪ್ಪಿದ್ದವು. ನಾಲ್ಕನೆಯದು ನನ್ನದೇ ಸರಿ ಇತ್ತು. ಹಾಗೆಂದಾಗ ಅವರು ಒಪ್ಪಿಕೊಳ್ಳಲಿಲ್ಲ. “ಹೆಂಗೆ ಮೇಡಂ?” ಎಂದು ಕೇಳಿದರು. ಎರಡು ಸಲ ಹೇಳಿದರೂ ಒಪ್ಪಲಿಲ್ಲ. ಮೂರನೆಯ ಸಲ ಕಾಗದ ನನ್ನ ಕೈಯಿಂದ ತೆಗೆದುಕೊಂಡು ತಾವೇ ಮಾಡಿ, ಆಮೇಲೆ, “ಹಾಂ, ಇದು ನೀವು ಹೇಳಿದ್ದೇ ಸರಿ” ಎಂದರು. ಆ ಅರ್ಧ ಗಂಟೆಯಲ್ಲಿ ನನಗೆ ತುಂಬ ಸುಸ್ತಾಯಿತು. ಆದರೆ ಎಷ್ಟೋ ವರ್ಷದ ಮೇಲೆ ಯಾರಿಗೋ ಗಣಿತ ಹೇಳಿಕೊಟ್ಟೆ ಅನ್ನಿಸಿತು.

ಒಮ್ಮೆ ನಮ್ಮ ತರಗತಿಗೆ ಬಂದು ಆ ಗುಂಡುಸೂಜಿ ದಾರದ್ದು ಮಕ್ಕಳಿಗೆ ತೋರಿಸಿ ಎಂದು ಕರೆದೆ. ಬರಲಿಲ್ಲ. “ಅಂಗಡಿ ಬುಟ್ಟು ಬರಕ್ಕಾಗಲ್ಲ ಮೇಡಂ. ಅಷ್ಟು ಮಕ್ಕಳ ಮುಂದೆ ನನಗೆ ಮಾತೂ ಬರಲ್ಲ,” ಎಂದರು. ನಾನೇ ಮಾಡಿದೆ. ರಟ್ಟಿನ ಮೇಲೆ ಎರಡು ಗುಂಡುಸೂಜಿ ಚುಚ್ಚಿ, ದಾರ ಹಾಕಿ ಎಳೆಯುವಾಗ ದಾರ ಎರಡು ಸಲ ಜಾರಿತು. ಮೂರನೆಯ ಸಲ ಗೆರೆ ಸುತ್ತಿ ಬಂದು ಕೂಡಿಕೊಂಡಿತು, ಅಲ್ಲಲ್ಲಿ ಒಡೆದು. ಮಕ್ಕಳು ಎದ್ದು ನಿಂತು ನೋಡಿದರು. ಆ ಹುಡುಗಿ ಮಾತ್ರ ಕೂತೇ ಇದ್ದಳು. ಅವಳು ಮನೆಯಲ್ಲಿ ನೋಡಿದ್ದಿರಬೇಕು. ಇಬ್ಬರು ಪ್ರಶ್ನೆ ಕೇಳಿದರು. ಬರೆಸುವುದು ಒಂದೂ ಆಗಲಿಲ್ಲ ಅವತ್ತು, ಪಾಠ ಹಿಂದೆ ಬಿತ್ತು. ಅದನ್ನು ಮುಗಿಸಲು ಶನಿವಾರ ಎರಡು ಗಂಟೆ ಹೆಚ್ಚಿಗೆ ನಿಲ್ಲಬೇಕಾಯಿತು.

ಹುಡುಗಿ ಸಿಇಟಿ ಬರೆದಳು. ಅಂಕ ಮಧ್ಯಮ. ತಿಪಟೂರಿನಲ್ಲೇ ಬಿ.ಎಸ್ಸಿ. ಸೇರಿದಳು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ ತೆಗೆದುಕೊಂಡಳು, ಗಣಿತ ತೆಗೆದುಕೊಳ್ಳಲಿಲ್ಲ. ಅವಳ ಅಮ್ಮನಿಗೆ ಅದರಿಂದ ಬೇಸರವಾಯಿತೋ ಇಲ್ಲವೋ ಕೇಳಲಿಲ್ಲ. ಮಗಳಿಗೆ ಹೇಳಿಕೊಡುವ ನೆಪ ಮುಗಿದ ಮೇಲೂ ಅವರು ಉಳಿದ ಲೆಕ್ಕಗಳನ್ನು ಮಾಡಿ ಮುಗಿಸಿದರು, ಅದಷ್ಟು ನನಗೆ ಗೊತ್ತು.

ರಿಜಿಸ್ಟರ್ ವಾಪಸು ಕೊಟ್ಟ ದಿನ ಅಂಗಡಿಯ ತುಂಬ ಮದುವೆ ಬಟ್ಟೆಗಳಿದ್ದವು. ಇನ್ನೊಂದು ಮೆಷಿನ್ನಿಗೆ ನೊಣವಿನಕೆರೆ ಕಡೆಯ ಒಬ್ಬ ಹೆಂಗಸನ್ನು ಕರೆಸಿಕೊಂಡಿದ್ದರು. ನನಗೆ ಸ್ಟೂಲು ಕೊಡಲೂ ಜಾಗವಿರಲಿಲ್ಲ. ನಿಂತೇ ಮಾತಾಡಿದೆವು.

“ಇದಾದ್ಮೇಲೆ ಯಾವುದಿತ್ತು ಮೇಡಂ?” ಎಂದು ಕೇಳಿದರು.

“ಕ್ಯಾಲ್ಕುಲಸ್.”

“ಅದೂ ನಿಮ್ಮ ಹತ್ರ ಬರ್ದಿಟ್ಟಿದೀರಾ?”

“ಇನ್ನೊಂದು ಪುಸ್ತಕದಲ್ಲಿದೆ. ಅದರಲ್ಲಿ ಎಷ್ಟು ತಪ್ಪಿದಾವೋ ನನಗೇ ಗೊತ್ತಿಲ್ಲ.”

“ಈ ಸೀಸನ್ ಒಂದು ಮುಗೀಲಿ ಮೇಡಂ, ತಂದ್ಕೊಡಿ,” ಎಂದರು. ಹೊರಗೆ ಯಾರೋ ಬ್ಲೌಸ್ ಆಯಿತಾ ಎಂದು ಕೇಳುತ್ತಿದ್ದರು. ಅವರು ಆ ಕಡೆ ಹೋದರು, ನಾನು ಬಸ್ಸಿಗೆ ಬಂದೆ.

ಮದುವೆ ಸೀಸನ್ ಮುಗಿದು ಎರಡು ತಿಂಗಳಾಯಿತು. ಕ್ಯಾಲ್ಕುಲಸ್ಸಿನ ಪುಸ್ತಕವನ್ನು ಬೀರುವಿನಿಂದ ತೆಗೆದು, ಧೂಳು ಒರೆಸಿ, ಬ್ಯಾಗಿನ ಪಕ್ಕದಲ್ಲಿ ಇಟ್ಟಿದ್ದೇನೆ. ಪ್ರತಿ ಭಾನುವಾರ ಹೋಗಬೇಕೆಂದುಕೊಳ್ಳುತ್ತೇನೆ. ಬೆಳಿಗ್ಗೆ ಎದ್ದರೆ ಮಂಡಿ ಊದಿರುತ್ತದೆ, ಬಟ್ಟೆ ಒಗೆಯುವುದಿರುತ್ತದೆ, ಯಜಮಾನರು ಕಾಯಿ ಸುಲಿಯುವವರಿಗೆ ಅಡುಗೆ ಆಗಬೇಕು ಎನ್ನುತ್ತಾರೆ. ಇನ್ನೂ ಹೋಗಿಲ್ಲ.